ಏಕಾಂತ ಸೆರೆಯಲ್ಲಿರುವ ಕೈದಿಗಳು ಪ್ರತಿಭಟನೆಗೆ ಉಪವಾಸವನ್ನೇ ಏಕೆ ಆರಿಸಿಕೊಳ್ಳುತ್ತಾರೆ?

ಕೋಲಾರದಲ್ಲಿ ವಕೀಲಿಕೆ ಮಾಡುವ ನನ್ನನ್ನು ಕಿರಿಯ ವಕೀಲರೂ ಇದೇ ಪ್ರಶ್ನೆ ಕೇಳಿದ್ದುಂಟು. ಏಕಾಂತ ಸೆರೆಯಲ್ಲಿರುವವನು ಘೋಷಣೆ ಕೂಗಿದರೆ ಕೇಳುವವರಿಲ್ಲ, ಮುಷ್ಕರ ಹೂಡೋಣವೆಂದರೆ ಮಾಡುವ ಕೆಲಸವೇ ಇಲ್ಲ. ಬಾಗಿಲಿನ ಕಿಂಡಿಯಿಂದ ಒಳಗೆ ಬರುವ ಊಟದ ತಟ್ಟೆಯೊಂದನ್ನು ಮಾತ್ರ ಅವನು ಬೇಡವೆನ್ನಬಲ್ಲ. ಅದು ಮುಟ್ಟದೆ ಹಿಂದಿರುಗಿದರೆ ಅಧಿಕಾರಿಗಳು ಸುಮ್ಮನಿರುವಂತಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸತತ 9 ಊಟ ನಿರಾಕರಿಸಿದವರನ್ನು ಉಪವಾಸನಿರತರೆಂದು ಪರಿಗಣಿಸುವ ನಿಯಮವಿತ್ತು. ಅಲ್ಲಿನ ಪೆಲಿಕನ್ ಬೇ ಸೆರೆಮನೆಯ ಕಿಟಕಿಯಿಲ್ಲದ ಕೋಣೆಗಳಲ್ಲಿ, ಅಪರಾಧಿ ಗುಂಪೊಂದರ (ಗ್ಯಾಂಗ್) ನಂಟಿದೆಯೆಂಬ ಕಾರಣಕ್ಕೇ ಹತ್ತಾರು ವರ್ಷ ಕಳೆದವರು ಜನಾಂಗೀಯ ಹಗೆತನವನ್ನು ಬದಿಗಿಟ್ಟು ಕರೆ ಕೊಟ್ಟಾಗ, 2013ರ ಜುಲೈ 8ರಿಂದ ರಾಜ್ಯದಾದ್ಯಂತ ಸುಮಾರು 30,000 ಕೈದಿಗಳು ಊಟ ಬಿಟ್ಟರು. ಕೊನೆಯವರೆಗೆ, ಅಂದರೆ ಸುಮಾರು ಎರಡು ತಿಂಗಳು, ಉಳಿದವರು ನೂರರಷ್ಟು ಮಾತ್ರ. ಆದರೂ 2015ರ ನ್ಯಾಯಾಲಯದ ರಾಜಿಯಲ್ಲಿ, ಬರೀ ನಂಟಿನ ಆಧಾರದ ಮೇಲೆ ಅನಿರ್ದಿಷ್ಟಾವಧಿ ಏಕಾಂತದಲ್ಲಿಡುವ ಪದ್ಧತಿ ಕೊನೆಗೊಂಡಿತು. ಇದನ್ನು ನಾನು ಸಣ್ಣ ಗೆಲುವೆಂದು ಭಾವಿಸುವುದಿಲ್ಲ.

ನಮ್ಮಲ್ಲಿ 1929ರಲ್ಲಿ ಲಾಹೋರ್ ಜೈಲಿನಲ್ಲಿ 63 ದಿನ ಉಪವಾಸವಿದ್ದು ಮಡಿದ ಜತೀಂದ್ರನಾಥ ದಾಸರ ಬೇಡಿಕೆ ಬೇರೆ, ರಾಜಕೀಯ ಕೈದಿಗಳಿಗೆ ಮನುಷ್ಯರಂತೆ ಬದುಕುವ ಸೌಕರ್ಯ. ಏಕಾಂತ ಸೆರೆಯ ಮಟ್ಟಿಗೆ, ಅದನ್ನು ಜೈಲಧಿಕಾರಿಗಳು ತಾವಾಗಿಯೇ ವಿಧಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 1978ರ ಸುನಿಲ್ ಬಾತ್ರಾ ತೀರ್ಪಿನಲ್ಲಿ ಹೇಳಿದೆ. ನ್ಯಾಯಾಲಯ ವಿಧಿಸಿದರೂ ಒಮ್ಮೆಗೆ 14 ದಿನ, ಒಟ್ಟು ಮೂರು ತಿಂಗಳು ಮೀರುವಂತಿಲ್ಲ.