ಲೈನ್ ಮನೆಯ ತಿಗಣೆ: ಔಷಧಿಗೆ ಮೊದಲು ಹುಡುಕಿ

ಸರ್, ನೀವು ಕೇಳಿದ್ದು ಇಷ್ಟು: ಕಾಫಿ ಕೊಯ್ಲಿಗೆ ಬಂದವರು ಇರುವ ಲೈನಿನಲ್ಲಿ (ತೋಟದ ಕೆಲಸದವರ ಸಾಲು ಮನೆಗಳಲ್ಲಿ) ಬೆಳಗಾದರೆ ಮೈಮೇಲೆ ದದ್ದು, ತುರಿಕೆ. ಜಿರಲೆ ಸ್ಪ್ರೇ ಹೊಡೆದರೂ ಕಡಿಮೆ ಆಗಿಲ್ಲ. ಮೇಲಿನ ಕಾಮೆಂಟಿನಲ್ಲಿ ಒಬ್ಬರು, ಧಾನ್ಯದ ಗೋಡೌನಿಗೆ ಇಡುವ ಮಾತ್ರೆ ಇಟ್ಟು ಬಾಗಿಲು ಹಾಕಿ ಎಂದಿದ್ದಾರೆ. ಮೊದಲು ಅದಕ್ಕೇ ಉತ್ತರ: ದಯವಿಟ್ಟು ಇಡಬೇಡಿ.

ಆ ಮಾತ್ರೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಸಾಕು, ಫಾಸ್ಫೀನ್ ಎಂಬ ವಿಷದ ಗಾಳಿ ಹೊರಡುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ತಿಗಣೆಗೆಂದು ಇಟ್ಟ ಇದೇ ಮಾತ್ರೆಯಿಂದ ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ನಮ್ಮ ಕಡೆ ಎಷ್ಟೋ ಲೈನ್ ಮನೆಗಳಲ್ಲಿ ಅಡ್ಡಗೋಡೆ ಹೆಂಚಿನವರೆಗೆ ಹೋಗಿರುವುದೇ ಇಲ್ಲ. ಒಂದು ಕೋಣೆಗೆ ಇಟ್ಟರೆ ಪಕ್ಕದ ಕೋಣೆಯಲ್ಲಿ ಮಲಗಿದ ಮಗುವಿಗೂ ಇಟ್ಟ ಹಾಗೆ. ತೋಟಕ್ಕೆ ತಂದು ಉಳಿದ ಕೀಟನಾಶಕವನ್ನು ಹಾಸಿಗೆಗೆ ಹೊಡೆಯುವುದೂ ಬೇಡ. ನುವಾನ್ ಹೆಸರಿನಲ್ಲಿ ಸಿಗುತ್ತಿದ್ದ ಡೈಕ್ಲೋರ್ವಾಸ್ ಅನ್ನು ಸರ್ಕಾರ 2020ರ ಕೊನೆಯಿಂದ ನಿಷೇಧಿಸಿದೆ. ಹಳೆಯ ಬಾಟಲಿ ಯಾರ ಮನೆಯಲ್ಲಾದರೂ ಇದ್ದರೆ ಅದನ್ನು ಇದಕ್ಕೆ ತೆಗೆಯಬೇಡಿ.

ಈಗ, ಕಚ್ಚುತ್ತಿರುವುದು ತಿಗಣೆಯೇ ಹೌದಾ? ದದ್ದು ನೋಡಿ ಇದನ್ನು ಹೇಳಲು ಆಗುವುದಿಲ್ಲ. ಮೂರು ನಾಲ್ಕು ದದ್ದು ಸಾಲಾಗಿದ್ದರೆ ತಿಗಣೆ ಅನ್ನುತ್ತಾರೆ, ಆದರೆ ಬೇರೆ ಹುಳ ಕಚ್ಚಿದರೂ ಹಾಗೆ ಕಾಣಬಹುದು. ಬೆರಳ ಸಂದು, ಮಣಿಕಟ್ಟು, ಸೊಂಟದ ಸುತ್ತ ರಾತ್ರಿ ಹೊತ್ತು ಜಾಸ್ತಿ ತುರಿಕೆ ಇದ್ದರೆ ಅದು ಕಜ್ಜಿ ಇರಬಹುದು. ಕಜ್ಜಿಗೆ ಮನೆಯವರೆಲ್ಲ ಒಟ್ಟಿಗೆ ಮುಲಾಮು ಹಚ್ಚಿಕೊಳ್ಳಬೇಕು, ಮಂಚಕ್ಕೆ ಏನು ಹೊಡೆದರೂ ಹೋಗದು. ಕಣಕಾಲಿನ ಸುತ್ತ ಮಾತ್ರ ಕಚ್ಚಿದ್ದರೆ ಚಿಗಟದ ಮೇಲೆ ಅನುಮಾನ ಪಡಿ. ಇನ್ನೊಂದು ವಿಷಯ. ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರಿಗೆ ದೊಡ್ಡ ದದ್ದು ಏಳುತ್ತದೆ, ಇನ್ನೊಬ್ಬರಿಗೆ ಏನೂ ಆಗಿರುವುದಿಲ್ಲ. ತುರಿಕೆ ಬರುವುದು ತಿಗಣೆಯ ಜೊಲ್ಲಿಗೆ ನಮ್ಮ ಮೈ ತೋರಿಸುವ ಅಲರ್ಜಿಯಿಂದ. ಕೆಲವರಿಗೆ ಅದು ಕಚ್ಚಿ ಎಷ್ಟೋ ದಿನದ ಮೇಲೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ 'ನನಗೇನೂ ಕಚ್ಚಿಲ್ಲ' ಅಂದವರ ಕೋಣೆಯನ್ನೂ ನೋಡಲೇಬೇಕು.

ಹುಳವನ್ನು ಕಣ್ಣಾರೆ ಕಂಡರೆ ಮಾತ್ರ ಗ್ಯಾರಂಟಿ. ಬೆಳೆದ ತಿಗಣೆ ಅಗಸೆ ಬೀಜದಷ್ಟು ಇರುತ್ತದೆ, ಹಾಗೇ ಚಪ್ಪಟೆ, ಕಂದು ಬಣ್ಣ. ರಕ್ತ ಕುಡಿದ ಮೇಲೆ ಉಬ್ಬಿ ಕೆಂಪಗಾಗುತ್ತದೆ. ರೆಕ್ಕೆ ಇಲ್ಲ, ಹಾರುವುದಿಲ್ಲ, ನೆಗೆಯುವುದಿಲ್ಲ. ಮರಿ ತೀರಾ ಸಣ್ಣದು, ಹೊಟ್ಟೆಗೆ ರಕ್ತ ಬೀಳುವವರೆಗೆ ಕಣ್ಣಿಗೆ ಬೀಳುವುದೇ ಕಷ್ಟ. ಮೊಟ್ಟೆ ಒಂದು ಮಿಲಿಮೀಟರ್, ಬೆಳ್ಳಗೆ, ಸಂದಿಯಲ್ಲಿ ಅಂಟಿಕೊಂಡಿರುತ್ತದೆ.

ಹುಡುಕುವ ಕೆಲಸಕ್ಕೆ ಒಂದು ಒಳ್ಳೆ ಟಾರ್ಚು, ಒಂದು ಹಳೇ ಎಟಿಎಂ ಕಾರ್ಡು ಸಾಕು. ತಿಗಣೆಗಳು ಮಲಗುವವರ ಹತ್ತಿರವೇ ಇರುತ್ತವೆ, ಹೆಚ್ಚಾಗಿ ಒಂದೆರಡು ಮೀಟರ್ ಒಳಗೆ. ಹಾಸಿಗೆಯ ಹೊಲಿಗೆ ಸಾಲನ್ನು ಬಿಡಿಸಿ ನೋಡಿ. ಮಂಚ ಮಗುಚಿ ಹಾಕಿ, ಕಾಲು ಕೂಡುವ ಸಂದು, ಸ್ಕ್ರೂ ತೂತು, ಹಲಗೆಯ ಬಿರುಕು, ಎಲ್ಲದರಲ್ಲೂ ಕಾರ್ಡು ಆಡಿಸಿ. ನೆಲದಲ್ಲಿ ಮಲಗುವವರಿದ್ದರೆ ಚಾಪೆಯ ಅಂಚು, ಕಂಬಳಿಯ ಮಡಿಕೆ, ಗೋಡೆ ಗಾರೆ ಬಿಟ್ಟಿರುವ ಜಾಗ. ಗೋಡೆಯ ಕ್ಯಾಲೆಂಡರು, ದೇವರ ಫೋಟೋದ ಹಿಂದೆ, ಟ್ರಂಕು ಮತ್ತು ಬ್ಯಾಗಿನ ಜಿಪ್ ಪಟ್ಟಿ ಮರೆಯಬೇಡಿ. ಹುಳ ಸಿಗದಿದ್ದರೂ ಗುರುತು ಸಿಗುತ್ತದೆ: ಕಳಚಿದ ಪೊರೆ, ಬಟ್ಟೆಗೆ ಒರೆಸಿದ ರಕ್ತ, ಗುಂಪಾಗಿ ಕಪ್ಪು ಚುಕ್ಕೆಗಳು. ಆ ಚುಕ್ಕೆ ಅದರ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಒದ್ದೆ ಹತ್ತಿಯಿಂದ ಉಜ್ಜಿದರೆ ಕೆಂಪುಗಂದಾಗಿ ಹರಡುತ್ತದೆ. ಜಿರಲೆ ಹಿಕ್ಕೆ ಹೀಗೆ ಹರಡದೆ ಕಾಳಿನಂತೆ ಉದುರುತ್ತದೆ. ನಡುರಾತ್ರಿ ದಾಟಿದ ಮೇಲೆ, ಬೆಳಗಿನ ಜಾವದೊಳಗೆ ಒಮ್ಮೆ ಇದ್ದಕ್ಕಿದ್ದಂತೆ ಟಾರ್ಚು ಹಾಕಿ ನೋಡಿ. ನಾವು ಬಿಡುವ ಉಸಿರು, ಮೈ ಬಿಸಿ ಹಿಡಿದು ಅವು ಹೊರಗೆ ಬರುವ ಹೊತ್ತು ಅದೇ.

ಹತ್ತಲು ಬರುವ ಹುಳ ಒಳಗೆ ಬಿದ್ದು ಸಿಕ್ಕಿಕೊಳ್ಳಲಿ ಎಂದು ಮಂಚದ ಕಾಲಿನ ಕೆಳಗೆ ಬಟ್ಟಲು ಇಡುವ ಉಪಾಯವೂ ಒಳ್ಳೆಯದೇ. ಆದರೆ ನಮ್ಮಂಥ ಬಿಸಿ ಸೀಮೆಯ ತಿಗಣೆ ನಯವಾದ ಪ್ಲಾಸ್ಟಿಕ್ಕನ್ನೂ ಹತ್ತಬಲ್ಲದು. ಬಟ್ಟಲಿಗೆ ಸೋಪು ನೀರು ಹಾಕಿಡಿ. ಮಂಚ ಗೋಡೆಗೆ ತಾಗಬಾರದು, ಹೊದಿಕೆ ನೆಲಕ್ಕೆ ಇಳಿಬೀಳಬಾರದು.

ರೋಗದ ಬಗ್ಗೆ ತುಂಬಾ ಹೆದರಿದ್ದೀರಿ. ತಿಗಣೆ ಕಚ್ಚಿ ಒಬ್ಬರಿಂದ ಒಬ್ಬರಿಗೆ ರೋಗ ಹರಡಿದ್ದು ಇದುವರೆಗೆ ಸಾಬೀತಾಗಿಲ್ಲ, ಎಚ್‌ಐವಿ, ಕಾಮಾಲೆ ಯಾವುದೂ ಇಲ್ಲ. ಹಾಗಂತ ಸುಮ್ನೆ ಬಿಡುವ ವಿಷಯವೂ ಅಲ್ಲ. ನಿದ್ದೆ ಕೆಡುತ್ತದೆ. ಕೆರೆದ ಜಾಗ ಕೀವಾಗುತ್ತದೆ. ತೀರಾ ಜಾಸ್ತಿ ಇರುವ ಕಡೆ ರಕ್ತಹೀನತೆಯೂ ಕಂಡಿದೆ. ಮಲೆನಾಡಿನವರು ಒಂದು ಗಮನದಲ್ಲಿಡಿ: ಕೊಯ್ಲಿನ ಈ ದಿನಗಳೇ ಮಂಗನ ಕಾಯಿಲೆಯ ಕಾಲ. ಅದನ್ನು ಹರಡುವುದು ಕಾಡಿನ ಉಣುಗು, ತಿಗಣೆಯಲ್ಲ. ಕೆಲಸದವರಿಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ 'ತಿಗಣೆ ಕಚ್ಚಿದ್ದಕ್ಕೆ' ಎಂದು ಕಾಯಬೇಡಿ, ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

ಸ್ಪ್ರೇ ಯಾಕೆ ನಾಟಲಿಲ್ಲ? ಒಂದು, ಅದು ಸಂದಿಯ ಒಳಗೆ ಹೋಗುವುದಿಲ್ಲ. ಎರಡು, ಜಿರಲೆ ಸ್ಪ್ರೇಯಲ್ಲಿರುವ ಬಗೆಯ ಔಷಧಿಗೆ ಎಷ್ಟೋ ಕಡೆಯ ತಿಗಣೆ ಒಗ್ಗಿಹೋಗಿದೆ. ಇದು ಹೊಸತಲ್ಲ, 1947ರಲ್ಲೇ ಹವಾಯಿಯ ಪರ್ಲ್ ಹಾರ್ಬರಿನಲ್ಲಿ ಡಿಡಿಟಿಗೆ ಸಾಯದ ತಿಗಣೆ ಕಂಡಿತ್ತು. ಮೂರು, ಮೊಟ್ಟೆ ಉಳಿಯುತ್ತದೆ, ವಾರ ಹತ್ತು ದಿನದಲ್ಲಿ ಒಡೆಯುತ್ತದೆ.

ಬಿಸಿಗೆ ಮಾತ್ರ ಅದು ಒಗ್ಗುವುದಿಲ್ಲ. 50 ಡಿಗ್ರಿ ದಾಟಿದರೆ ಮೊಟ್ಟೆಯೂ ಸಾಯುತ್ತದೆ. ಕಣದಲ್ಲಿ ಹಾಸಿಗೆ ಹರಡಿದರೆ ಸಾಲದು, ಚಳಿಗಾಲದ ಬಿಸಿಲಿಗೆ ಒಳಗಿನ ಹತ್ತಿ ಅಷ್ಟು ಕಾಯುವುದಿಲ್ಲ, ಹುಳ ನೆರಳಿನ ಬದಿಗೆ ಸರಿಯುತ್ತದೆ. ಬಚ್ಚಲ ಹಂಡೆ ಇದೆಯಲ್ವಾ, ಬಟ್ಟೆ, ಹೊದಿಕೆಗಳನ್ನು ಕುದಿನೀರಿನಲ್ಲಿ ನೆನೆಸಿ. ಮಂಚವನ್ನು ಅಂಗಳಕ್ಕೆ ತಂದು ಸಂದು ಸಂದಿಗೂ ಕುದಿನೀರು ಸುರಿಯಿರಿ. ಗೋಡೆಯ ಬಿರುಕಿಗೆ ಸಿಮೆಂಟು ಹಾಕಿಸಿ. ಹರಿದ ಹಾಸಿಗೆ ಸುಟ್ಟುಬಿಡಿ, ಬೇರೆ ಲೈನಿಗೆ ಕೊಡಬೇಡಿ. ಎಲ್ಲ ಕೋಣೆಗೂ ಹಬ್ಬಿದ್ದರೆ ಲೈಸೆನ್ಸ್ ಇರುವ ಪೆಸ್ಟ್ ಕಂಟ್ರೋಲ್‌ನವರನ್ನೇ ಕರೆಸಿ, ಎರಡು ವಾರ ಬಿಟ್ಟು ಮತ್ತೊಮ್ಮೆ ಬರಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಲೈನ್ ಖಾಲಿ ಬಿಟ್ಟರೆ ಸಾಯುತ್ತವೆ ಎಂದು ನಂಬಬೇಡಿ, ರಕ್ತ ಇಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ.

ಕೆಲಸದವರೇ ತಂದರು ಎಂದು ಬರೆದಿದ್ದೀರಿ. ಬಸ್ಸು, ರೈಲು, ಲಾಡ್ಜು, ಹಳೇ ಸಾಮಾನು, ಎಲ್ಲಿಂದಲಾದರೂ ಬರುತ್ತದೆ, ಕೊಳಕಿಗೂ ಇದಕ್ಕೂ ಸಂಬಂಧ ಇಲ್ಲ. ಅವರನ್ನು ಬೈದರೆ ಮುಂದಿನ ಸಲ ಕಂಡರೂ ಹೇಳುವುದಿಲ್ಲ. ಹುಡುಕುವಾಗ ಅವರನ್ನೂ ಜೊತೆಗೆ ಸೇರಿಸಿಕೊಳ್ಳಿ.

ಹುಳ ಸಿಕ್ಕರೆ ಸೆಲ್ಲೋಟೇಪಿಗೆ ಅಂಟಿಸಿ, ಬಿಳಿ ಹಾಳೆ ಮೇಲೆ, ಪಕ್ಕದಲ್ಲಿ ಬೆಂಕಿಕಡ್ಡಿ ಇಟ್ಟು ಫೋಟೋ ಹಾಕಿ. ಗಾತ್ರ ಗೊತ್ತಾದರೆ ಹೇಳುವುದು ಸುಲಭ.