ರಾತ್ರಿ ಒಂಬತ್ತರ ನಂತರ ಒಮ್ಮೆ ಹೋಗಿ ನೋಡಿ

ಬೆಂಗಳೂರಿನ ವಿಜಯನಗರದಿಂದ ಬರೆದಿರುವ ಓದುಗರೊಬ್ಬರು ತಮ್ಮ ಹೆಸರು ಪ್ರಕಟಿಸಬಾರದೆಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು: 78 ವರ್ಷದ ತಾಯಿಗೆ ಕಳೆದ ವರ್ಷ ಲಕ್ವ ಹೊಡೆದು ಎಡಭಾಗ ಸ್ವಾಧೀನ ತಪ್ಪಿದೆ, ಮಾತು ತೊದಲುತ್ತದೆ, ನೀರು ಕುಡಿದರೆ ಕೆಮ್ಮು ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆಗೆ ಬರುತ್ತಿದ್ದ ಆಯಾ ಹಬ್ಬಕ್ಕೆಂದು ಊರಿಗೆ ಹೋದವರು ಮರಳಲಿಲ್ಲ. ಎರಡು ಆರೈಕೆ ಕೇಂದ್ರಗಳನ್ನು ನೋಡಿ ಬಂದಿದ್ದಾರೆ. ಒಂದರಲ್ಲಿ ಗ್ರಾನೈಟ್ ನೆಲ, ಕೈತೋಟ, ಕೋಣೆಗೊಂದು ಟಿವಿ. ಇನ್ನೊಂದು ಹಳೆಯ ಮನೆಯನ್ನೇ ಮಾರ್ಪಡಿಸಿದ್ದು. ಗೋಡೆಯ ಬಣ್ಣ ಮಾಸಿದೆ, ಆದರೆ ಅಲ್ಲಿನ ಸಿಸ್ಟರ್ ಒಬ್ಬರು ಮಲಗಿದ್ದವರನ್ನೆಲ್ಲ ಹೆಸರು ಹಿಡಿದು ಮಾತನಾಡಿಸುತ್ತಿದ್ದರಂತೆ. ಯಾವುದು ಸುರಕ್ಷಿತವೆಂದು ಹೇಗೆ ತಿಳಿಯುವುದು ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ನಿಮ್ಮ ಪತ್ರದಲ್ಲಿ ‘ನರ್ಸಿಂಗ್ ಹೋಮ್’ ಎಂಬ ಮಾತು ಐದಾರು ಕಡೆ ಬಂದಿದೆ. ಬೆಂಗಳೂರಿನಲ್ಲಿ ಆ ಹೆಸರಿಗೆ ಹೆರಿಗೆ, ಆಪರೇಷನ್ ಮಾಡುವ ಬಡಾವಣೆಯ ಸಣ್ಣ ಆಸ್ಪತ್ರೆ ಎಂಬ ಅರ್ಥವೇ ರೂಢಿಯಲ್ಲಿದೆ. ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲ ಹಿರಿಯರಿಗೆ ಊಟ, ವಸತಿ ಕೊಡುವುದು ವೃದ್ಧಾಶ್ರಮ. ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕಾದವರನ್ನು ತಿಂಗಳುಗಟ್ಟಲೆ ನೋಡಿಕೊಳ್ಳುವುದು ಮೂರನೆಯ ಬಗೆಯದು, ನಿಮಗೆ ಬೇಕಾಗಿರುವುದೂ ಅದೇ. ಬೋರ್ಡಿನಲ್ಲಿ ಏನೇ ಬರೆದಿರಲಿ, ಈ ಮೂರರಲ್ಲಿ ತಮ್ಮದು ಯಾವುದೆಂದು ನೇರವಾಗಿ ಕೇಳಿ. ಚಿಕಿತ್ಸೆಯನ್ನೂ ಕೊಡುತ್ತೇವೆ ಎಂದರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಪಡೆದ ನೋಂದಣಿ ಪತ್ರ ಎಲ್ಲಿ ತೂಗುಹಾಕಿದ್ದಾರೆಂದು ನೋಡಿ, ಅದರ ಅವಧಿ ಮುಗಿದಿದೆಯೇ ಎಂಬುದನ್ನೂ ಓದಿ. ಸೇವೆಗಳ ದರಪಟ್ಟಿಯನ್ನು ಜನರ ಕಣ್ಣಿಗೆ ಬೀಳುವಂತೆ ಹಾಕುವುದೂ ಆ ಕಾಯ್ದೆಯಡಿ ಅವರ ಹೊಣೆ.

ಕಾಗದಪತ್ರದ ಮಾತು ಇಷ್ಟು ಸಾಕು. ಅಮೆರಿಕದಲ್ಲಿ 2008ರಿಂದ ಇಂಥ ಕೇಂದ್ರಗಳಿಗೆ ಸರ್ಕಾರವೇ ಒಂದರಿಂದ ಐದರವರೆಗೆ ನಕ್ಷತ್ರ ಕೊಡುತ್ತದೆ. ತಪಾಸಣೆಯ ವರದಿ, ಸಿಬ್ಬಂದಿಯ ಸಂಖ್ಯೆ, ಅಲ್ಲಿರುವವರ ಆರೋಗ್ಯದ ಸ್ಥಿತಿ ಈ ಮೂರನ್ನು ಕೂಡಿಸಿ ಅದನ್ನು ಲೆಕ್ಕ ಹಾಕುತ್ತಾರೆ. ಅದರಲ್ಲಿ ಒಂದು ಪಾಲು ಕೇಂದ್ರಗಳು ತಾವೇ ಬರೆದುಕೊಟ್ಟ ಮಾಹಿತಿ ಎಂಬ ಆಕ್ಷೇಪ ಅಲ್ಲಿಯೂ ಇದೆ. ತಾವೇ ಬರೆದುಕೊಂಡ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ನನಗೆ ಸ್ವಂತ ಅನುಭವದಿಂದಲೇ ಗೊತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರು ನಗರದ ಒಂದು ಕೇಂದ್ರದಲ್ಲಿ ನಾಲ್ಕು ತಿಂಗಳು ಇದ್ದರು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಾವು ಹೋಗುವ ಹೊತ್ತಿಗೆ ಸ್ನಾನ ಮಾಡಿಸಿ, ಪೌಡರ್ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಕೂರಿಸಿರುತ್ತಿದ್ದರು. ಒಂದು ಬುಧವಾರ ಕಚೇರಿಯ ಕೆಲಸಕ್ಕೆ ಆ ಕಡೆ ಹೋಗಿದ್ದವನು ಸಂಜೆ ನಾಲ್ಕಕ್ಕೆ ಹೇಳದೆ ಒಳಗೆ ಹೋದೆ. ಸೆಕೆ ಎಂದು ಅವರ ಕಾಲುಚೀಲ ಕಳಚಿದರೆ ಬಲ ಹಿಮ್ಮಡಿಯಲ್ಲಿ ನಾಲ್ಕಾಣೆ ಅಗಲದ ಕಪ್ಪು ಗಾಯ. ಮಂಚದ ತುದಿಗೆ ಕಟ್ಟಿದ್ದ ಹಾಳೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಕ್ಕೆ ಗುರುತುಗಳಿದ್ದವು. ಒಂದೇ ಪೆನ್ನು, ಒಂದೇ ಕೈ, ಅದೂ ಸಂಜೆ ಆರು ಗಂಟೆಯವರೆಗೆ. ಆಗಿನ್ನೂ ನಾಲ್ಕು ಹತ್ತು.

ಆದ್ದರಿಂದ ಮೊದಲು ನೋಡಬೇಕಾದದ್ದು ಅಲ್ಲಿ ಮಲಗಿರುವವರ ಮೈ. ಒಂದೇ ಮಗ್ಗುಲಲ್ಲಿ ಬಿದ್ದಿರುವವರಿಗೆ ಮೂಳೆ ಒತ್ತುವ ಕಡೆ ರಕ್ತ ಹರಿಯದೆ ಹಾಸಿಗೆ ಹುಣ್ಣು ಆಗುತ್ತದೆ: ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ, ತೊಡೆಯ ಹೊರಮಗ್ಗುಲಲ್ಲಿ. ಬೇರೆಯವರ ಹೊದಿಕೆ ತೆಗೆದು ನೋಡಲು ನಿಮಗೆ ಹಕ್ಕಿಲ್ಲ, ಆದರೆ ಈಗ ಎಷ್ಟು ಜನರಿಗೆ ಹುಣ್ಣಿದೆ, ಅದು ಇಲ್ಲಿಗೆ ಬಂದ ಮೇಲೆ ಆಗಿದ್ದೆಷ್ಟು ಎಂದು ಕೇಳಬಹುದು. ಸಂಖ್ಯೆ ಹೇಳಿ ಕಾರಣ ವಿವರಿಸುವವರನ್ನು ನಾನು ನಂಬುತ್ತೇನೆ. ‘ನಮ್ಮಲ್ಲಿ ಅದೆಲ್ಲ ಇಲ್ಲವೇ ಇಲ್ಲ ಸಾರ್’ ಎನ್ನುವವರ ಬಗ್ಗೆ ನನಗೆ ಅನುಮಾನ. ಮೂತ್ರದ ಚೀಲ ನೆಲಕ್ಕೆ ತಾಗಿದೆಯೇ, ಕುಡಿಯುವ ನೀರು ಕೈಗೆಟುಕುವಂತಿದೆಯೇ, ಉಗುರು ಕತ್ತರಿಸಿದ್ದಾರೆಯೇ ಎಂಬುದು ಹೊದಿಕೆ ತೆಗೆಯದೆಯೂ ಕಾಣುತ್ತದೆ. ಹಗಲಿನಲ್ಲಿ ಎಲ್ಲರೂ ಗಾಢ ನಿದ್ರೆಯಲ್ಲಿದ್ದರೆ ಯಾರಿಗೆ ಯಾವ ಮಾತ್ರೆ, ಯಾವ ವೈದ್ಯರ ಚೀಟಿಯ ಮೇಲೆ ಕೊಡುತ್ತಿದ್ದಾರೆಂದು ಕೇಳಲೇಬೇಕು.

ನಿಮ್ಮ ತಾಯಿಯವರ ಮಟ್ಟಿಗೆ ಊಟದ ಹೊತ್ತೇ ದೊಡ್ಡ ಪರೀಕ್ಷೆ. ನುಂಗುವಾಗ ಕೆಮ್ಮು ಬರುವವರಿಗೆ ಅನ್ನನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿ ನಿಂತು ನೋಡಿ: ನೆಟ್ಟಗೆ ಕೂರಿಸುತ್ತಾರೋ ಒರಗಿಸಿಯೇ ತುರುಕುತ್ತಾರೋ, ಒಂದು ತುತ್ತು ಇಳಿದ ಮೇಲೆ ಇನ್ನೊಂದು ಕೊಡುತ್ತಾರೋ, ಉಂಡ ಮೇಲೆ ಅರ್ಧ ಗಂಟೆಯಾದರೂ ಹಾಗೆಯೇ ಕೂರಲು ಬಿಡುತ್ತಾರೋ. ಗಂಜಿಯ ಬಟ್ಟಲು ಹಿಡಿದ ಒಬ್ಬಳೇ ಹುಡುಗಿ ಆರು ಮಂಚ ಸುತ್ತುತ್ತಿದ್ದರೆ ಅವಳ ಮೇಲೆ ಸಿಟ್ಟು ಮಾಡಿ ಫಲವಿಲ್ಲ, ಆರು ಜನಕ್ಕೆ ಒಬ್ಬಳನ್ನು ಇಟ್ಟವರನ್ನು ಕೇಳಬೇಕು.

ಇದೇ ಲೆಕ್ಕ ರಾತ್ರಿಗೆ ಇನ್ನೂ ಮುಖ್ಯ. ಹಗಲು ತೋರಿಸುವ ಸಿಬ್ಬಂದಿಯಲ್ಲಿ ರಾತ್ರಿ ಉಳಿಯುವವರು ಎಷ್ಟು? ಅವರಲ್ಲಿ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಅಥವಾ ಬಿಎಸ್ಸಿ ನರ್ಸಿಂಗ್ ಓದಿ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು ಒಬ್ಬರಾದರೂ ಇದ್ದಾರೆಯೇ, ಅಥವಾ ಬಿಳಿ ಕೋಟು ಹಾಕಿದವರನ್ನೆಲ್ಲ ಸಿಸ್ಟರ್ ಎಂದು ಕರೆಯುತ್ತಿದ್ದಾರೆಯೇ? ರಾತ್ರಿ ಒಂಬತ್ತರ ನಂತರ, ಹೇಳದೆ, ಒಮ್ಮೆ ಹೋಗಿ. ಹೊತ್ತಾಯಿತೆಂದು ವಾರ್ಡಿಗೆ ಬಿಡದಿದ್ದರೆ ಅದರಲ್ಲಿ ನ್ಯಾಯವಿದೆ. ಗೇಟಿನಲ್ಲಿ ನಿಂತೇ ರಾತ್ರಿಪಾಳಿಯ ಮುಖ್ಯಸ್ಥರನ್ನು ಕರೆಸಲು ಹೇಳಿ. ಅವರು ಬರಲು ಎಷ್ಟು ಹೊತ್ತು ಹಿಡಿಯಿತು, ಬಂದವರು ಯಾರು ಎಂಬುದರಲ್ಲಿ ನಿಮಗೆ ಬೇಕಾದ ಉತ್ತರ ಸಿಗುತ್ತದೆ.

ನಮ್ಮ ನಗರದಲ್ಲಿ ಇಂಥ ಹಲವು ಕೇಂದ್ರಗಳು 30×40 ನಿವೇಶನದ ಬಾಡಿಗೆ ಮನೆಗಳಲ್ಲಿ ನಡೆಯುತ್ತಿವೆ. ತಪ್ಪೇನಿಲ್ಲ, ಆದರೆ ನಡೆಯಲಾರದವರನ್ನು ಎರಡನೆಯ ಮಹಡಿಯಲ್ಲಿ ಮಲಗಿಸಿದ್ದರೆ, ಬೆಂಕಿ ಬಿದ್ದಾಗ ಅವರನ್ನು ಹೊತ್ತು ಇಳಿಸುವವರು ಯಾರು, ಯಾವ ಮೆಟ್ಟಿಲಿನಿಂದ ಎಂದು ಕೇಳಿ. 2011ರ ಡಿಸೆಂಬರಿನಲ್ಲಿ ಕೋಲ್ಕತ್ತಾದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಹೊತ್ತಿದ ಬೆಂಕಿಯಲ್ಲಿ ಸುಮಾರು 90 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಏಳಲಾರದೆ ಹೊಗೆಗೆ ಸಿಕ್ಕ ರೋಗಿಗಳು. ಹಿತ್ತಿಲ ಬಾಗಿಲಿಗೆ ಬೀಗ ಹಾಕಿ ಎದುರಿಗೆ ಹಳೆಯ ಹಾಸಿಗೆ ಪೇರಿಸಿದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಬಚ್ಚಲಿನಲ್ಲಿ ಹಿಡಿಕಂಬಿ, ರಾತ್ರಿದೀಪ, ಕರೆಂಟು ಹೋದರೆ ಜನರೇಟರ್, ನಗರಕ್ಕೆ ನೀರಿನ ಅಭಾವ ತಟ್ಟಿದ 2024ರ ಬೇಸಿಗೆಯಲ್ಲಿ ನೀರಿಗೆ ಏನು ಮಾಡಿದಿರಿ ಎಂಬ ಪ್ರಶ್ನೆ, ಇವೂ ಇರಲಿ.

ಇನ್ನು ನಿಮ್ಮ ಎರಡು ಕೇಂದ್ರಗಳು. ಪತ್ರದ ಆಧಾರದ ಮೇಲೆ ಆಯ್ಕೆ ಮಾಡಿಕೊಡುವುದು ನನ್ನ ಕೆಲಸವಲ್ಲ. ಆದರೂ ಹೆಸರು ಹಿಡಿದು ಮಾತನಾಡಿಸಿದ ಆ ಸಿಸ್ಟರ್ ಎಷ್ಟು ವರ್ಷದಿಂದ ಅಲ್ಲಿದ್ದಾರೆಂದು ನಾನಾಗಿದ್ದರೆ ಕೇಳುತ್ತಿದ್ದೆ. ಆರು ತಿಂಗಳಿಗೊಮ್ಮೆ ಸಿಬ್ಬಂದಿ ಬದಲಾಗುವ ಕಡೆ, ತೊದಲುವ ಮಾತಿನಲ್ಲಿ ನಿಮ್ಮ ತಾಯಿ ಕೇಳುತ್ತಿರುವುದು ನೀರೋ ಹೊದಿಕೆಯೋ ಎಂದು ಗುರುತಿಸುವವರು ಯಾರೂ ಉಳಿದಿರುವುದಿಲ್ಲ.

ಅಡ್ವಾನ್ಸ್ ಪೂರ್ತಿ ಕಟ್ಟುವ ಮೊದಲು ಒಂದು ತಿಂಗಳ ಮಟ್ಟಿಗೆ ಒಪ್ಪಂದ ಮಾಡಿಕೊಳ್ಳಿ. ಅರ್ಧಕ್ಕೆ ಬಿಟ್ಟರೆ ಎಷ್ಟು ಹಣ ವಾಪಸ್, ಡಯಾಪರ್, ಔಷಧಿ, ಆಂಬುಲೆನ್ಸ್ ಖರ್ಚು ಯಾರದು, ತುರ್ತಿದ್ದಾಗ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಎಂಬುದು ಬರಹದಲ್ಲಿರಲಿ. ಸೇರಿಸಿದ ಮೇಲೆ ವಾರಕ್ಕೆರಡು ಸಲ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ಏನಾದರೂ ತೊಂದರೆ ಕಂಡು ಯಾರನ್ನು ಕೇಳಬೇಕೆಂದು ತೋಚದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು, ಅದಕ್ಕೆ ಶುಲ್ಕವಿಲ್ಲ. ಹೋದಾಗಲೆಲ್ಲ ತಾಯಿಯವರ ಕಾಲುಚೀಲ ನೀವೇ ಕಳಚಿ ನೋಡಿ.

— ಸಂಪಾದಕ