ಮಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವ ಮೊದಲು ಏನು ನೋಡಬೇಕು?

ಮಂಗಳೂರಿಗೆ ವರ್ಗವಾಗಿದೆ, ಬಾಡಿಗೆ ಯಾಕಿಷ್ಟು ಜಾಸ್ತಿ ಎಂದು ಕೇಳಿದ್ದೀರಿ. ದೊಡ್ಡ ಕಾರಣ ಕಾಲೇಜು, ಆಸ್ಪತ್ರೆಗಳು. ದೇರಳಕಟ್ಟೆಯಲ್ಲಿ ಮೆಡಿಕಲ್ ವಿದ್ಯಾರ್ಥಿಗಳು, ಸುರತ್ಕಲ್‌ನಲ್ಲಿ ಎನ್‌ಐಟಿಕೆ. ನಾಲ್ಕು ಹುಡುಗರು ಹಂಚಿಕೊಂಡು ಕೊಡುವ ಬಾಡಿಗೆಯನ್ನು ಒಂದೇ ಸಂಬಳದ ಸಂಸಾರ ಕೊಡುವುದು ಕಷ್ಟ, ಅಲ್ವಾ? ಕದ್ರಿ, ಬಿಜೈ ಪೇಟೆಗೆ ಹತ್ತಿರ, ಅಲ್ಲೂ ದುಬಾರಿಯೇ.

ಆದರೆ ಬಾಡಿಗೆ ಮಾತಾಡುವ ಮೊದಲು ಗೋಡೆ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿನ ಕಡೆಯಿಂದ ಗಾಳಿ ಮಳೆ ಬಡಿಯುತ್ತದೆ. ಪಶ್ಚಿಮದ ಗೋಡೆ ಮೊದಲು ಒದ್ದೆಯಾಗುತ್ತದೆ. ಹೊಸ ಪೇಂಟ್ ನೋಡಿ ಸುಮ್ನೆ ಒಪ್ಪಬೇಡಿ. ಕಪಾಟಿನ ಬಾಗಿಲು ತೆಗೆದು ಮೂಸಿ ನೋಡಿ, ಹೋದ ಮಳೆಗಾಲದ ಬೂಷ್ಟಿನ ವಾಸನೆ ಅಲ್ಲೇ ಉಳಿದಿರುತ್ತದೆ. ನನ್ನ ಮೊದಲ ಮನೆಯಲ್ಲಿ ಒಂದೇ ವಾರಕ್ಕೆ ಚರ್ಮದ ಬೆಲ್ಟ್ ಹಸಿರಾಗಿತ್ತು.

ಬಾವಿ ಇದೆಯಾ ಎಂದೂ ಕೇಳಿ. ನಗರಕ್ಕೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ನದಿ ಸೊರಗಿದ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ನಳ್ಳಿ ನೀರಿಗೆ ಸರದಿ ಬರುತ್ತದೆ. ಬಾವಿ ಇರುವ ಹಳೆಯ ಹಂಚಿನ ಮನೆ ಸಿಕ್ಕರೆ ಬಿಡಬೇಡಿ.

ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅದಕ್ಕೇ ಹೀಗೆ. ಬಿಡುವಾಗ ಪೇಂಟಿಂಗ್‌ಗೆಂದು ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೆ ಎಂಬುದನ್ನು ಅದರಲ್ಲೇ ಬರೆಸಿಕೊಳ್ಳಿ.